ಮೊದಲು ತನಗೆ, ಅನಂತರ ಮಗುವಿಗೆ

ಚಿಕ್ಕಂದಿನಿಂದ ನಾವು ಮನೆಯಲ್ಲಿಯೂ ಶಾಲೆಯಲ್ಲಿಯೂ ಕೇಳುತ್ತ ಬಂದ ಮಾತು ಒಂದೇ: ಮೊದಲು ಪರರಿಗೆ, ಆಮೇಲೆ ತನಗೆ. ನೆಂಟರು ಬಂದರೆ ಮೊದಲ ಬಾಳೆಲೆ ಅವರಿಗೆ. ಮೀನಿನ ಒಳ್ಳೆಯ ತುಂಡು ಮಕ್ಕಳಿಗೆ. ಅಡುಗೆ ಮಾಡಿದ ಅಮ್ಮ ಉಣ್ಣುವುದು ಎಲ್ಲರ ಕೊನೆಗೆ, ಅದೂ ಪಾತ್ರೆಯ ತಳದಲ್ಲಿ ಉಳಿದಷ್ಟು. ‘ತಾನುಂಟೋ ಮೂರು ಲೋಕವುಂಟೋ’ ಎಂದು ಬಾಳುವವನನ್ನು ಊರು ಮೆಚ್ಚುವುದಿಲ್ಲ. ಹೀಗಿರುವಾಗ, ವಿಮಾನ ಹೊರಡುವ ಮುನ್ನ ಗಗನಸಖಿಯರು ಪ್ರಯಾಣಿಕರ ಮುಂದೆ ನಿಂತು, “ಮೊದಲು ನಿಮ್ಮ ಮಾಸ್ಕ್ ಹಾಕಿಕೊಳ್ಳಿ, ಅನಂತರ ಮಗುವಿಗೆ ಹಾಕಿರಿ” ಎಂದು ಹೇಳುತ್ತಾರೆಂದು ತಿಳಿದಾಗ ಹತ್ತನೆಯ ತರಗತಿಯ ನಮಗೆಲ್ಲರಿಗೂ ಆಶ್ಚರ್ಯವಾಯಿತು. ಇದೆಂತಹ ನ್ಯಾಯ? ತಾಯಿಯಾದವಳು ಮಗುವನ್ನು ಬಿಟ್ಟು ತನ್ನ ಉಸಿರನ್ನು ನೋಡಿಕೊಳ್ಳುವುದೇ?

ಈ ಪ್ರಶ್ನೆ ನಮ್ಮ ತರಗತಿಯಲ್ಲಿ ಎದ್ದುದಕ್ಕೆ ಒಂದು ಕಾರಣವಿದೆ. ನಮ್ಮ ವರ್ಕಾಡಿಯಿಂದ ಗಲ್ಫ್ ನಾಡುಗಳಿಗೆ ದುಡಿಯಲು ಹೋದವರು ಬಹಳ ಮಂದಿ. ಮಜೀರ್ಪಳ್ಳದಲ್ಲಾಗಲಿ ಸುಂಕದಕಟ್ಟೆಯಲ್ಲಾಗಲಿ ಬಸ್ಸಿಗೆ ಕಾಯುವ ಹತ್ತು ಜನರನ್ನು ಕೇಳಿದರೆ, ಅಣ್ಣನೋ ಮಾವನೋ ಗಂಡನೋ ಕಡಲಾಚೆ ಇರುವ ಮನೆಯವರು ಅವರಲ್ಲಿ ಇದ್ದೇ ಇರುತ್ತಾರೆ. ನಮಗೆ ವಿಮಾನವೆಂದರೆ ಚಿತ್ರದಲ್ಲಿ ಕಾಣುವ ಬೆರಗಿನ ವಸ್ತುವಲ್ಲ. ಅಪ್ಪನನ್ನು ಕರೆದುಕೊಂಡು ಹೋಗುವ, ಎರಡು ವರ್ಷಕ್ಕೊಮ್ಮೆ ಕರೆತರುವ ವಾಹನ. 1951ರಲ್ಲಿ ಬಜಪೆಯಲ್ಲಿ ವಿಮಾನ ನಿಲ್ದಾಣ ಪ್ರಾರಂಭವಾದಾಗ ನಮ್ಮ ಊರಿನ ಹಿರಿಯರು ಅದನ್ನು ನೋಡಲೆಂದೇ ಹೋಗಿದ್ದಿರಬೇಕು. ಇಂದು ನಮ್ಮ ಮನೆಗಳವರು ಪೆಟ್ಟಿಗೆ ಹಿಡಿದುಕೊಂಡು ಅದರೊಳಗೇ ನಡೆದು ಹೋಗುತ್ತಾರೆ.

ಕಳೆದ ಬೇಸಗೆ ರಜೆಯಲ್ಲಿ ನಮ್ಮ ಒಬ್ಬಳು ಸಹಪಾಠಿ ತಾಯಿ ಮತ್ತು ಕೈಗೂಸು ತಮ್ಮನೊಡನೆ ತಂದೆಯನ್ನು ಕಾಣಲು ಹೋಗಿದ್ದಳು. ಅವಳಿಗೂ ಅವಳ ತಾಯಿಗೂ ಅದೇ ಮೊದಲ ವಿಮಾನಯಾನ. ಮುಂದೆ ನಿಂತ ಗಗನಸಖಿ ಕೈಯಲ್ಲಿ ಹಳದಿ ಬಣ್ಣದ ಮಾಸ್ಕ್ ಒಂದನ್ನು ಹಿಡಿದು ಏನನ್ನೋ ತೋರಿಸುತ್ತಿದ್ದಳಂತೆ. ಮಾತು ಇಂಗ್ಲಿಷಿನಲ್ಲಿಯೂ ಹಿಂದಿಯಲ್ಲಿಯೂ ಬಂತು. “ಏನಂತೆ ಮಗಾ?” ಎಂದು ತಾಯಿ ಕೇಳಿದರು. ಇಂಗ್ಲಿಷಿನಲ್ಲಿ ಒಳ್ಳೆಯ ಅಂಕ ಗಳಿಸುವ ನಮ್ಮ ಗೆಳತಿಗೆ ಆ ವೇಗದ ಉಚ್ಚಾರಣೆ ತಿಳಿಯಲಿಲ್ಲ. ತಿಳಿಯಲಿಲ್ಲವೆಂದು ಹೇಳಲು ನಾಚಿಕೆಯಾಗಿ, “ಏನಿಲ್ಲಮ್ಮ, ಬೆಲ್ಟು ಕಟ್ಟಿಕೊಳ್ಳಬೇಕಂತೆ” ಎಂದುಬಿಟ್ಟಳು. ಪ್ರಯಾಣ ಸುಖವಾಗಿಯೇ ಮುಗಿಯಿತು. ಇಳಿಯುವಾಗ ಕಿವಿ ನೋಯುತ್ತದೆಂದು ಮಗು ಅತ್ತಿತು, ತಾಯಿ ಹಾಲೂಡಿದರು, ಮಗು ಸುಮ್ಮನಾಯಿತು. ಅಷ್ಟೇ.

ಆದರೆ ಜೂನ್ ತಿಂಗಳಲ್ಲಿ ವಿಜ್ಞಾನದ ಟೀಚರ್ ವಾಯುವಿನ ಒತ್ತಡದ ಬಗ್ಗೆ ಮಾತಾಡುತ್ತ, ವಿಮಾನದಲ್ಲಿ ಮಾಸ್ಕ್ ಏಕಿರುತ್ತದೆಂದು ವಿವರಿಸಿದಾಗ ಗೆಳತಿಯ ಮುಖ ಸಣ್ಣದಾಯಿತು. ತಾನು ಅಮ್ಮನಿಗೆ ಹೇಳದೆ ಬಿಟ್ಟದ್ದು ಯಾವ ಮಾತನ್ನು ಎಂಬುದು ಅವಳಿಗೆ ಅಂದು ಅರ್ಥವಾಯಿತು. ಆ ದಿನ ತರಗತಿಯಲ್ಲಿ ನಡೆದ ಚರ್ಚೆಯೇ ಈ ಲೇಖನಕ್ಕೆ ಮೂಲ. ನಾವೆಲ್ಲರೂ ಕೂಡಿ ಓದಿ, ಕೇಳಿ, ವಾದಿಸಿ ಕಂಡುಕೊಂಡ ಅಭಿಪ್ರಾಯವನ್ನು ಇಲ್ಲಿ ಹೇಳಲು ಪ್ರಯತ್ನಿಸಿದ್ದೇವೆ.

ಮೊದಲಿಗೆ ವಿಷಯವನ್ನು ತಿಳಿಯೋಣ. ಗಾಳಿಗೂ ಭಾರವಿದೆಯೆಂದು ನಾವು ಕೆಳಗಿನ ತರಗತಿಗಳಲ್ಲಿಯೇ ಕಲಿತಿದ್ದೇವೆ. ಸಮುದ್ರಮಟ್ಟದಲ್ಲಿ ಈ ಒತ್ತಡ ಅತ್ಯಧಿಕ. ಮೇಲೇರಿದಂತೆ ಅದು ಕಡಿಮೆಯಾಗುತ್ತದೆ. ಸುಮಾರು 18,000 ಅಡಿ ಎತ್ತರದಲ್ಲಿ ಒತ್ತಡ ಅರ್ಧಕ್ಕಿಳಿಯುತ್ತದೆ. ದೊಡ್ಡ ವಿಮಾನಗಳು ಹಾರುವ 35,000 ಅಡಿಯಲ್ಲಿ ಕಾಲು ಭಾಗಕ್ಕಿಂತಲೂ ಸ್ವಲ್ಪ ಕಡಿಮೆ. ಎವರೆಸ್ಟ್ ಶಿಖರದ ತುದಿಯೇ 29,032 ಅಡಿ ಎಂದಮೇಲೆ, ವಿಮಾನದ ಹೊರಗಿನ ಗಾಳಿ ಎಷ್ಟು ತೆಳುವಾಗಿರಬೇಕೆಂದು ಊಹಿಸಿಕೊಳ್ಳಬಹುದು. ಅಲ್ಲಿಯ ಚಳಿಯೂ ಅಷ್ಟೇ ಘೋರ. ಸೊನ್ನೆಗಿಂತ ಕೆಳಗೆ ಐವತ್ತು ಡಿಗ್ರಿಯನ್ನೂ ದಾಟುತ್ತದೆ.

ಅಂತಹ ಸ್ಥಳದಲ್ಲಿ ಮನುಷ್ಯ ಆರಾಮವಾಗಿ ಕುಳಿತು ಚಹಾ ಕುಡಿಯುವುದು ಹೇಗೆ ಸಾಧ್ಯ? ಎಂಜಿನುಗಳು ಹೊರಗಿನ ತೆಳುಗಾಳಿಯನ್ನು ಒತ್ತಿ ಹಿಡಿದು, ಅದರ ಒಂದು ಭಾಗವನ್ನು ಹದಗೊಳಿಸಿ ಪ್ರಯಾಣಿಕರ ಕೋಣೆಗೆ ಕಳುಹಿಸುತ್ತವೆ. ವಿಮಾನದ ಹಿಂಭಾಗದಲ್ಲಿರುವ ಒಂದು ಕವಾಟ ಬೇಕಾದಷ್ಟೇ ಗಾಳಿಯನ್ನು ಹೊರಕ್ಕೆ ಬಿಡುತ್ತದೆ. ಒಳಬರುವ ಗಾಳಿಗೂ ಹೊರಹೋಗುವ ಗಾಳಿಗೂ ಲೆಕ್ಕ ಸರಿಹೊಂದಿದರೆ ಒಳಗಿನ ಒತ್ತಡ ಸ್ಥಿರವಾಗಿರುತ್ತದೆ. ಇಷ್ಟಾದರೂ ಒಳಗಿನ ಗಾಳಿ ನಮ್ಮ ಊರಿನ ಗಾಳಿಯಂತಿರುವುದಿಲ್ಲ. ಆರರಿಂದ ಎಂಟು ಸಾವಿರ ಅಡಿ ಎತ್ತರದ ಬೆಟ್ಟದ ಮೇಲಿನ ಗಾಳಿಯಂತೆ ಇರುತ್ತದೆ. ಕುದುರೆಮುಖದ ಎತ್ತರ ಸುಮಾರು 6,200 ಅಡಿ, ಮುಳ್ಳಯ್ಯನಗಿರಿಯದು 6,300 ಅಡಿಗೂ ಮಿಕ್ಕಿ. ಅಂದರೆ ದುಬೈಗೆ ಹೋಗುವವರು ಕುಳಿತಲ್ಲಿಯೇ ಕುದುರೆಮುಖ ಹತ್ತಿ ಇಳಿದಂತೆ! ಇಳಿಯುವಾಗ ಕಿವಿ ಕಟ್ಟಿಕೊಳ್ಳುವುದು ಅದರಿಂದಲೇ. ನುಂಗಿದಾಗ ಗಂಟಲಿಗೂ ಕಿವಿಗೂ ನಡುವಣ ನಾಳ ತೆರೆದು ಒತ್ತಡ ಸಮನಾಗುತ್ತದೆ. ಹಾಲೂಡಿದ ತಾಯಿ ವಿಜ್ಞಾನವನ್ನು ಓದದೆಯೇ ಸರಿಯಾದ ಚಿಕಿತ್ಸೆಯನ್ನು ಮಾಡಿದ್ದರು.

ಒಳಗಿನ ಈ ಒತ್ತಡ ತಪ್ಪಿದರೆ? ಒಂದು ಬಾಗಿಲ ಸಂದು ಬಿಡಬಹುದು, ಕಿಟಕಿ ಒಡೆಯಬಹುದು, ಗಾಳಿ ಕಳುಹಿಸುವ ಯಂತ್ರ ಕೆಡಬಹುದು, ಇಲ್ಲವೇ ಯಾರೋ ಒಂದು ಗುಂಡಿಯನ್ನು ಒತ್ತಲು ಮರೆಯಬಹುದು. ಆಗ ಆಗುವ ಅಪಾಯದ ವಿಚಿತ್ರವೆಂದರೆ ಅದು ನೋಯಿಸಿ ಎಚ್ಚರಿಸುವುದಿಲ್ಲ. ನೀರಿನಲ್ಲಿ ಮುಳುಗುವವನಿಗೆ ತಾನು ಮುಳುಗುತ್ತಿದ್ದೇನೆಂದು ತಿಳಿಯುತ್ತದೆ. ಆಮ್ಲಜನಕ ಕಡಿಮೆಯಾದವನಿಗೆ ತನ್ನ ಸ್ಥಿತಿ ತಿಳಿಯುವುದಿಲ್ಲ. ಬುದ್ಧಿಯೇ ಮೊದಲು ಮಂಕಾಗುವುದರಿಂದ, ಮಂಕಾಗಿದೆಯೆಂದು ಹೇಳಬೇಕಾದ ಬುದ್ಧಿಯೂ ಇರುವುದಿಲ್ಲ. ಕೆಲವರಿಗೆ ಸುಖವಾದಂತೆಯೂ ನಗು ಬಂದಂತೆಯೂ ತೋರುವುದಂತೆ. ಒತ್ತಡ ತಪ್ಪಿದರೆ 25,000 ಅಡಿಯಲ್ಲಿ ಕೆಲಸಕ್ಕೆ ಬರುವಷ್ಟು ಎಚ್ಚರ ಉಳಿಯುವುದು ಮೂರರಿಂದ ಐದು ನಿಮಿಷ. 35,000 ಅಡಿಯಲ್ಲಿ ಅರ್ಧ ನಿಮಿಷದಿಂದ ಒಂದು ನಿಮಿಷ ಮಾತ್ರ.

ಈಗ ಆ ‘ಸ್ವಾರ್ಥ’ದ ಆಜ್ಞೆಯನ್ನು ಮತ್ತೊಮ್ಮೆ ನೋಡೋಣ. ಹೆದರಿ ಅಳುತ್ತ ತಲೆ ತಿರುಗಿಸುವ ಮಗುವಿಗೆ ಮಾಸ್ಕ್ ತೊಡಿಸಲು ಎಷ್ಟು ಸಮಯ ಬೇಕು? ಚಿಕ್ಕ ತಮ್ಮಂದಿರಿಗೆ ಅಂಗಿ ತೊಡಿಸಿ ಶಾಲೆಗೆ ಕಳುಹಿಸುವ ನಮಗೆ ಅದು ಚೆನ್ನಾಗಿ ಗೊತ್ತು. ಅರ್ಧ ನಿಮಿಷ ಏನೇನೂ ಸಾಲದು. ಅಷ್ಟರಲ್ಲಿ ತಾಯಿಯ ಕೈ ಸೋತು, ಮಾಸ್ಕ್ ಜಾರಿ, ಇಬ್ಬರೂ ಎಚ್ಚರ ತಪ್ಪುತ್ತಾರೆ. ತಾಯಿ ಮೊದಲು ತನಗೆ ಹಾಕಿಕೊಂಡರೆ ಬೇಕಾಗುವುದು ಐದಾರು ಸೆಕೆಂಡು. ಆಮೇಲೆ ಅವಳ ಬುದ್ಧಿ ಸ್ಥಿಮಿತದಲ್ಲಿರುತ್ತದೆ, ಕೈಗಳು ಗಟ್ಟಿಯಾಗಿರುತ್ತವೆ, ಮಗು ಎಷ್ಟು ಕೊಸರಿದರೂ ತೊಡಿಸಬಲ್ಲಳು. ಅಷ್ಟರಲ್ಲಿ ಮಗುವಿಗೆ ಎಚ್ಚರ ತಪ್ಪಿದ್ದರೂ ಆಮ್ಲಜನಕ ಸಿಕ್ಕಿದ ಕೂಡಲೇ ಅದು ಚೇತರಿಸಿಕೊಳ್ಳುತ್ತದೆ. ಎಚ್ಚರ ತಪ್ಪಿದ ತಾಯಿಗೆ ಮಾಸ್ಕ್ ತೊಡಿಸಲು ಮಾತ್ರ ಆ ಮಗುವಿನಿಂದಾಗದು. ಆದುದರಿಂದ ಈ ಮಾತು ಸ್ವಾರ್ಥದ ಮಾತಲ್ಲ, ಲೆಕ್ಕದ ಮಾತು. ಮಗುವನ್ನು ಉಳಿಸುವ ದಾರಿ ತಾಯಿಯ ಉಸಿರಿನ ಮೂಲಕ ಹೋಗುತ್ತದೆ.

ಇದೇ ನಿಯಮ ವಿಮಾನವನ್ನು ನಡೆಸುವವರಿಗೂ ಇದೆ. ಎಚ್ಚರಿಕೆಯ ಸದ್ದು ಕೇಳಿದೊಡನೆ ಚಾಲಕರಿಬ್ಬರೂ ಮಾಡಬೇಕಾದ ಮೊದಲ ಕೆಲಸವೆಂದರೆ ಬೇರೇನನ್ನೂ ಯೋಚಿಸದೆ ತಮ್ಮ ತಮ್ಮ ಮಾಸ್ಕ್ ಧರಿಸುವುದು. ಒಂದೇ ಕೈಯಿಂದ ಕೆಲವೇ ಸೆಕೆಂಡುಗಳಲ್ಲಿ ಧರಿಸುವಂತೆ ಅದು ರಚಿತವಾಗಿದೆ. ಅನಂತರ ಒಬ್ಬರ ಮಾತು ಒಬ್ಬರಿಗೆ ಕೇಳುತ್ತಿದೆಯೇ ಎಂದು ನೋಡಿಕೊಳ್ಳುವುದು, ಒತ್ತಡದ ಯಂತ್ರ ಹತೋಟಿಗೆ ಬರುತ್ತದೆಯೇ ಎಂದು ಪರೀಕ್ಷಿಸುವುದು, ಬಾರದಿದ್ದರೆ ವಿಮಾನವನ್ನು ಬೇಗನೆ 10,000 ಅಡಿಗೆ ಇಳಿಸುವುದು, ನೆಲದ ಮೇಲಿನ ನಿಯಂತ್ರಣ ಕೇಂದ್ರಕ್ಕೆ ತಿಳಿಸುವುದು. ಕೆಳಗೆ ಪರ್ವತಗಳಿದ್ದರೆ ಎಷ್ಟರವರೆಗೆ ಇಳಿಯಬಹುದೆಂಬ ಲೆಕ್ಕವನ್ನೂ ಇಡಬೇಕು. ಪ್ರಯಾಣಿಕರ ಕೋಣೆಯ ಒತ್ತಡ ಸುಮಾರು 14,000 ಅಡಿಯ ಮಟ್ಟಕ್ಕೆ ಇಳಿದಾಗ ಮೇಲಿನಿಂದ ಮಾಸ್ಕ್‌ಗಳು ತಾವಾಗಿಯೇ ಕೆಳಗೆ ಬೀಳುತ್ತವೆ. ಅನೇಕ ವಿಮಾನಗಳಲ್ಲಿ ಅವನ್ನು ಎಳೆದಾಗಲೇ ಆಮ್ಲಜನಕ ಉತ್ಪತ್ತಿಯಾಗತೊಡಗುವುದು, ಅದೂ ಹನ್ನೆರಡು ಹದಿನೈದು ನಿಮಿಷಕ್ಕಾಗುವಷ್ಟು ಮಾತ್ರ. ಆದರೆ ಅಷ್ಟು ಸಾಕು, ಏಕೆಂದರೆ ಐದಾರು ನಿಮಿಷಗಳಲ್ಲಿ ವಿಮಾನ ಉಸಿರಾಡಬಹುದಾದ ಎತ್ತರಕ್ಕೆ ಬಂದಿರುತ್ತದೆ. ಗಗನಸಖಿಯರೂ ಆ ಹೊತ್ತಿಗೆ ಓಡಾಡಬಾರದು. ಹತ್ತಿರದ ಮಾಸ್ಕ್ ಹಿಡಿದು ಕುಳಿತುಕೊಳ್ಳಬೇಕು. ವಿಮಾನ ಸಮಸ್ಥಿತಿಗೆ ಬಂದ ಮೇಲೆಯೇ ಎದ್ದು ಪ್ರಯಾಣಿಕರನ್ನು ನೋಡಬೇಕು.

ಈ ನಿಯಮವನ್ನು ಮೀರಿದರೆ ಏನಾಗುತ್ತದೆ ಎಂಬುದಕ್ಕೆ ಒಂದು ದಾರುಣ ನಿದರ್ಶನವಿದೆ. 2005ನೆಯ ಇಸವಿ ಆಗಸ್ಟ್ 14ರಂದು ಸೈಪ್ರಸ್ ದ್ವೀಪದ ಲಾರ್ನಕಾದಿಂದ ಗ್ರೀಸಿನ ಅಥೆನ್ಸಿಗೆ ಹೀಲಿಯೋಸ್ ಎಂಬ ಸಂಸ್ಥೆಯ ಬೋಯಿಂಗ್ 737 ವಿಮಾನ ಹೊರಟಿತು. ಹಿಂದಿನ ರಾತ್ರಿ ದುರಸ್ತಿಗಾರರು ಪರೀಕ್ಷೆಗಾಗಿ ಒತ್ತಡದ ಸ್ವಿಚ್ಚನ್ನು ಕೈಯಿಂದ ನಡೆಸುವ ಸ್ಥಾನಕ್ಕೆ ತಿರುಗಿಸಿದ್ದರು. ಅದು ಹಾಗೆಯೇ ಉಳಿಯಿತು. ಹೊರಡುವ ಮುನ್ನವೂ ಹೊರಟ ಮೇಲೂ ಓದಬೇಕಾದ ತಪಾಸಣೆಯ ಪಟ್ಟಿಗಳಲ್ಲಿ ಚಾಲಕರು ಅದನ್ನು ಗಮನಿಸಲಿಲ್ಲ. ಏರುತ್ತಿರುವಾಗ ಎಚ್ಚರಿಕೆಯ ಸದ್ದು ಮೊಳಗಿತು. ನೆಲದ ಮೇಲೆ ಬೇರೊಂದು ದೋಷಕ್ಕೆ ಕೇಳಿಸುವ ಸದ್ದೂ ಅದೇ ಆಗಿದ್ದುದರಿಂದ ಅವರು ತಪ್ಪಾಗಿ ತಿಳಿದರು. ಮಾಸ್ಕ್ ಹಾಕಿಕೊಳ್ಳದೆ ಕಾರಣವನ್ನು ಹುಡುಕುತ್ತ ಕುಳಿತರು. ಒತ್ತಡದ ಸ್ವಿಚ್ಚು ಸರಿಯಾದ ಸ್ಥಾನದಲ್ಲಿದೆಯೇ ಎಂದು ನೆಲದ ಮೇಲಿನ ಎಂಜಿನಿಯರರು ಕೇಳಿದ ಪ್ರಶ್ನೆಗೂ ಉತ್ತರ ಬರಲಿಲ್ಲ. ಅಷ್ಟರಲ್ಲಿ ಅವರ ಬುದ್ಧಿ ಮಂಕಾಗಿತ್ತು. ವಿಮಾನ ತನ್ನಷ್ಟಕ್ಕೆ 34,000 ಅಡಿಗೆ ಏರಿ, ಅಥೆನ್ಸಿನ ಬಳಿ ಸುತ್ತು ಹಾಕುತ್ತ, ಇಂಧನ ಮುಗಿದ ಮೇಲೆ ಬೆಟ್ಟಕ್ಕೆ ಬಡಿಯಿತು. ಒಳಗಿದ್ದ 121 ಮಂದಿಯೂ ಅಸುನೀಗಿದರು. ಆಂಡ್ರಿಯಾಸ್ ಪ್ರೊದ್ರೋಮೂ ಎಂಬ ಪರಿಚಾರಕ ಯುವಕ ಆಮ್ಲಜನಕದ ಸಣ್ಣ ಸಿಲಿಂಡರಿನ ಸಹಾಯದಿಂದ ಎಚ್ಚರವಾಗಿದ್ದು, ಕೊನೆಗೆ ಚಾಲಕರ ಕೋಣೆಯನ್ನು ಹೊಕ್ಕು ವಿಮಾನವನ್ನು ಉಳಿಸಲು ಯತ್ನಿಸಿದುದನ್ನು ಜೊತೆಯಲ್ಲಿ ಹಾರುತ್ತಿದ್ದ ಯುದ್ಧವಿಮಾನದವರು ಕಂಡರು. ಆದರೆ ಕಾಲ ಮಿಂಚಿತ್ತು.

ನಮ್ಮ ದೇಶದಲ್ಲಿಯೂ ಇದೇ ಜಾತಿಯ ಪ್ರಮಾದ ನಡೆದಿದೆ. 2018ರ ಸೆಪ್ಟೆಂಬರ್ 20ರಂದು ಮುಂಬಯಿಯಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ 166 ಮಂದಿ ಪ್ರಯಾಣಿಕರಿದ್ದರು. ಎಂಜಿನಿನಿಂದ ಗಾಳಿಯನ್ನು ಒಳಬಿಡುವ ಸ್ವಿಚ್ಚನ್ನು ಹಾಕಲು ಚಾಲಕರು ಮರೆತಿದ್ದರು. ವಿಮಾನ ಏರುತ್ತಿದ್ದಂತೆ ಮಾಸ್ಕ್‌ಗಳು ಕೆಳಗೆ ಬಿದ್ದವು. ಸುಮಾರು ಮೂವತ್ತು ಜನರಿಗೆ ಮೂಗಿನಿಂದಲೋ ಕಿವಿಯಿಂದಲೋ ರಕ್ತ ಬಂದಿತು, ಇಲ್ಲವೆ ತಲೆ ಸಿಡಿಯಿತು. ವಿಮಾನ ಮುಂಬಯಿಗೆ ಮರಳಿ ಇಳಿದುದರಿಂದ ಪ್ರಾಣಹಾನಿಯಾಗಲಿಲ್ಲ. ಮರುವರ್ಷ 2019ರ ಫೆಬ್ರವರಿಯಲ್ಲಿ ಮಸ್ಕತ್ತಿನಿಂದ ನಮ್ಮ ಕೇರಳದ ಕೋಝಿಕ್ಕೋಡಿಗೆ ಹೊರಟ ವಿಮಾನವೂ ಒತ್ತಡದ ದೋಷದಿಂದ ಹಿಂದಿರುಗಬೇಕಾಯಿತು. ಅದರಲ್ಲಿಯೂ ಕೆಲವರಿಗೆ ಮೂಗಿನಿಂದ ರಕ್ತ ಸೋರಿತು, ಹಲವರಿಗೆ ಕಿವಿ ನೋವಾಯಿತು. ನಮ್ಮ ಮನೆಯವರು ಕುಳಿತುಕೊಳ್ಳುವಂತಹ ವಿಮಾನವೇ ಅದು. ಆದುದರಿಂದ ಇದು ದೂರದ ಸೈಪ್ರಸಿನ ಸುದ್ದಿಯೆಂದು ಓದಿ ಮರೆಯುವ ವಿಷಯವಲ್ಲ.

ಒಳ್ಳೆಯ ನಿದರ್ಶನಗಳೂ ಇವೆ. 1990ರ ಜೂನ್ 10ರಂದು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಿಂದ ಹೊರಟ ಬ್ರಿಟಿಷ್ ಏರ್‌ವೇಸ್ ವಿಮಾನದ ಮುಂಗಾಜು 17,000 ಅಡಿಗೂ ಮಿಕ್ಕಿದ ಎತ್ತರದಲ್ಲಿ ಕಳಚಿ ಹೋಯಿತು. ಹಿಂದಿನ ದಿನ ಕಾಜನ್ನು ಕೂರಿಸಿದಾಗ ಅಳತೆ ತಪ್ಪಿದ ಸಣ್ಣ ತಿರುಪುಗಳನ್ನು ಹಾಕಿದ್ದೇ ಕಾರಣ. ಮುಖ್ಯ ಚಾಲಕ ಟಿಮ್ ಲ್ಯಾಂಕಾಸ್ಟರ್ ಅರ್ಧ ದೇಹ ಹೊರಗೆ ಸೆಳೆಯಲ್ಪಟ್ಟು ನೇತಾಡಿದರು. ಪರಿಚಾರಕರು ಅವರ ಕಾಲುಗಳನ್ನು ಹಿಡಿದುಕೊಂಡರು. ಸಹಚಾಲಕ ಅಲಸ್ಟೇರ್ ಆಚಿಸನ್ ಎದೆಗುಂದದೆ ವಿಮಾನವನ್ನು ಕೆಳಗಿಳಿಸಿ ಸೌತಾಂಪ್ಟನ್ನಿನಲ್ಲಿ ನೆಲ ಮುಟ್ಟಿಸಿದರು. ಎಲ್ಲರೂ ಬದುಕಿದರು, ಮುಖ್ಯ ಚಾಲಕರೂ ಬದುಕಿದರು. 2018ರ ಏಪ್ರಿಲ್ 17ರಂದು ಅಮೇರಿಕದಲ್ಲಿ ಸೌತ್‌ವೆಸ್ಟ್ ಸಂಸ್ಥೆಯ ವಿಮಾನದ ಎಂಜಿನು ಒಡೆದು, ಅದರ ಚೂರು ಬಡಿದು ಕಿಟಕಿಯೊಂದು ಹೋಯಿತು. ಟ್ಯಾಮಿ ಜೋ ಶಲ್ಟ್ಸ್ ಎಂಬ ಮಹಿಳೆ ಮುಖ್ಯ ಚಾಲಕಿ. ಒಬ್ಬ ಪ್ರಯಾಣಿಕೆ ತೀರಿಕೊಂಡರು. ಉಳಿದೆಲ್ಲರನ್ನೂ ಚಾಲಕಿ ಸುರಕ್ಷಿತವಾಗಿ ಫಿಲಡೆಲ್ಫಿಯಾದಲ್ಲಿ ಇಳಿಸಿದರು. ಆ ವಿಮಾನದೊಳಗೆ ತೆಗೆದ ಚಿತ್ರಗಳಲ್ಲಿ ಎಷ್ಟೋ ಮಂದಿ ಮಾಸ್ಕನ್ನು ಬಾಯಿಗೆ ಮಾತ್ರ ಹಿಡಿದು, ಮೂಗನ್ನು ಹೊರಗೆ ಬಿಟ್ಟಿದ್ದರಂತೆ! ಸೂಚನೆಯನ್ನು ತಮ್ಮದೇ ಭಾಷೆಯಲ್ಲಿ ಕೇಳಿದ್ದವರ ಸ್ಥಿತಿ ಇದು. ಭಾಷೆ ತಿಳಿಯದವರ ಪಾಡನ್ನು ಹೇಳಬೇಕೇ?

ಇವೆಲ್ಲವನ್ನೂ ಆಲೋಚಿಸಿದಾಗ ನಮಗೆ ತೋರುವ ಮೂರು ಮಾತುಗಳನ್ನು ಓದುಗರ ಮುಂದೆ ಇಡುತ್ತೇವೆ.

ಮೊದಲನೆಯದು, ಧೈರ್ಯವೆಂದರೆ ಏನೆಂಬ ಬಗ್ಗೆ. ಸಿನಿಮಾದ ನಾಯಕನಂತೆ ಆ ಕ್ಷಣದಲ್ಲಿ ಏನಾದರೊಂದು ಹೊಸ ಉಪಾಯ ಹೊಳೆಯುವುದೇ ಧೈರ್ಯವೆಂದು ನಮ್ಮಲ್ಲಿ ಅನೇಕರ ನಂಬಿಕೆ. ಆದರೆ ಅರ್ಧ ನಿಮಿಷದ ಅವಕಾಶವಿರುವಾಗ ಹೊಳೆಯುವುದಕ್ಕೆ ಸಮಯವೆಲ್ಲಿ? ಶಲ್ಟ್ಸ್, ಆಚಿಸನ್ ಮುಂತಾದವರ ಕೈಗಳು ಸರಿಯಾದುದನ್ನೇ ಮಾಡಿದುವೆಂದರೆ ಅದಕ್ಕೆ ಕಾರಣ ಅವರು ವರ್ಷಗಟ್ಟಲೆ ಮಾಡಿದ ಅಭ್ಯಾಸ. ಯಕ್ಷಗಾನದ ಭಾಗವತರಿಗೆ ಪದ ನೆನಪಾಗುವುದಿಲ್ಲ, ಬರುತ್ತದೆ. ಚೆಂಡೆಯವರು ಪೆಟ್ಟನ್ನು ಎಣಿಸುವುದಿಲ್ಲ. ಹಾಗೆಯೇ ಇದು. ತಪಾಸಣೆಯ ಪಟ್ಟಿಯನ್ನು ಪ್ರತಿಸಲವೂ ಓದುವುದು ಬೇಸರದ ಕೆಲಸವೇ ಸರಿ. ಸಾವಿರ ಸಲ ಸ್ವಿಚ್ಚು ಸರಿಯಾಗಿಯೇ ಇರುತ್ತದೆ. ಸಾವಿರದ ಒಂದನೆಯ ಸಲ ಇಲ್ಲದಿರುವಾಗ, ಆ ಬೇಸರವನ್ನು ಸಹಿಸಿದವನೇ ನೂರಾರು ಜೀವಗಳನ್ನು ಉಳಿಸುತ್ತಾನೆ. ನಮ್ಮ ಶಾಲೆಯಲ್ಲಿ ಬೆಂಕಿ ಬಿದ್ದಾಗ ಹೊರಬರುವ ಅಭ್ಯಾಸ ಮಾಡಿಸಿದ ದಿನ ನಾವು ನಕ್ಕದ್ದುಂಟು. ಸಾಲಿನಲ್ಲಿ ತಳ್ಳಾಡಿ ಒಬ್ಬನ ಚಪ್ಪಲಿ ಚರಂಡಿಗೆ ಬಿದ್ದದ್ದೂ ಉಂಟು. ಇನ್ನು ಮುಂದೆ ನಗಬಾರದೆಂದು ನಿಶ್ಚಯಿಸಿದ್ದೇವೆ.

ಎರಡನೆಯದು, ಕಿರಿಯರ ಮಾತಿನ ಬಗ್ಗೆ. ವಿಮಾನದಲ್ಲಿ ಇಬ್ಬರು ಚಾಲಕರಿರುವುದು ಒಬ್ಬರ ತಪ್ಪನ್ನು ಇನ್ನೊಬ್ಬರು ಕಾಣಲೆಂದು. 2010ರ ಮೇ 22ರ ಮುಂಜಾವವನ್ನು ನಮ್ಮ ಸೀಮೆಯವರು ಮರೆಯಲಾರರು. ದುಬೈಯಿಂದ ಬಂದ ವಿಮಾನ ಮಂಗಳೂರಿನಲ್ಲಿ ಇಳಿಯುವಾಗ ಕಣಿವೆಗೆ ಉರುಳಿ 158 ಮಂದಿ ಮಡಿದರು, ಎಂಟು ಮಂದಿ ಮಾತ್ರ ಉಳಿದರು. ಮಡಿದವರಲ್ಲಿ ನಮ್ಮ ಕಾಸರಗೋಡು ಜಿಲ್ಲೆಯವರೂ ಬಹಳ ಮಂದಿ. ಅದು ಒತ್ತಡ ತಪ್ಪಿ ಆದ ದುರಂತವಲ್ಲ. ಆದರೆ ಇಳಿಯದೆ ಮತ್ತೊಮ್ಮೆ ಸುತ್ತಿ ಬರೋಣವೆಂದು ಸಹಚಾಲಕರು ಒಂದಕ್ಕಿಂತ ಹೆಚ್ಚು ಸಲ ಹೇಳಿದ್ದರೆಂದೂ ಮುಖ್ಯ ಚಾಲಕರು ಅದನ್ನು ಕೈಗೊಳ್ಳಲಿಲ್ಲವೆಂದೂ ತನಿಖೆಯಲ್ಲಿ ತಿಳಿದುಬಂತು. ಸತ್ತವರನ್ನು ದೂಷಿಸುವುದು ನಮ್ಮ ಉದ್ದೇಶವಲ್ಲ. ಹಿರಿಯರಿಗೆ ಎದುರು ಮಾತಾಡಬಾರದೆಂಬುದು ಒಳ್ಳೆಯ ಸಂಪ್ರದಾಯ. ಆದರೆ ತಪ್ಪನ್ನು ತೋರಿಸುವುದು ಎದುರು ಮಾತಲ್ಲ. ಕರಿಹಲಗೆಯ ಮೇಲೆ ಲೆಕ್ಕ ತಪ್ಪಿದಾಗ ಕೈ ಎತ್ತಿ ಹೇಳುವ ವಿದ್ಯಾರ್ಥಿಯನ್ನು ಗದರಿಸದೆ, “ಒಳ್ಳೆಯದಾಯಿತು, ಹೇಳಿದೆಯಲ್ಲ” ಎನ್ನುವ ಅಧ್ಯಾಪಕರು ನಮಗೆ ದೊರೆತದ್ದು ನಮ್ಮ ಭಾಗ್ಯ. ಅಂತಹ ವಾತಾವರಣ ಮನೆಯಲ್ಲಿಯೂ ಕೆಲಸದ ಸ್ಥಳದಲ್ಲಿಯೂ ಬರಬೇಕು. ಹೇಳುವ ಕಿರಿಯನಿಗೆ ವಿನಯ ಬೇಕು, ಕೇಳುವ ಹಿರಿಯನಿಗೆ ಅದಕ್ಕಿಂತ ಹೆಚ್ಚಿನ ವಿನಯ ಬೇಕು.

ಮೂರನೆಯದೇ ನಮಗೆ ಎಲ್ಲಕ್ಕಿಂತ ಮುಖ್ಯವಾದುದು: ಭಾಷೆಯ ಮಾತು. ಜೀವ ಉಳಿಸುವ ಸೂಚನೆಯನ್ನು ಕೇಳುವವನ ಭಾಷೆಯಲ್ಲಿ ಹೇಳದಿದ್ದರೆ ಅದು ಹೇಳಿದಂತಾಗುವುದಿಲ್ಲ. ಗಡಿನಾಡಿನ ಕನ್ನಡಿಗರಾದ ನಮಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಮನೆಯಲ್ಲಿ ತುಳು, ಬ್ಯಾರಿ, ಕೊಂಕಣಿ, ಮಲಯಾಳ; ಶಾಲೆಯಲ್ಲಿ ಕನ್ನಡ; ಕಚೇರಿಗೆ ಹೋದರೆ ಓದಲು ಬಾರದ ಲಿಪಿಯ ಅರ್ಜಿ. 1956ರಲ್ಲಿ ರಾಜ್ಯಗಳ ಗಡಿ ಎಳೆದಂದಿನಿಂದ ಇಲ್ಲಿನ ಹಿರಿಯರು ತಿಳಿಯದ ಕಾಗದಕ್ಕೆ ಸಹಿ ಹಾಕುವ ಸಂಕಟವನ್ನು ಅನುಭವಿಸಿದ್ದಾರೆ. ಅರ್ಜಿ ತಪ್ಪಿದರೆ ಮತ್ತೊಮ್ಮೆ ಬರೆಯಬಹುದು. 35,000 ಅಡಿ ಮೇಲೆ ತಪ್ಪಿದರೆ ಮತ್ತೊಮ್ಮೆ ಎಂಬುದಿಲ್ಲ. ಮಂಗಳೂರಿನಿಂದ ಹೊರಡುವ ವಿಮಾನಗಳಲ್ಲಿ ಅರ್ಧಕ್ಕರ್ಧ ಜನ ತುಳುವರೂ ಕನ್ನಡಿಗರೂ ಬ್ಯಾರಿಗಳೂ ಇರುವಾಗ, ಎರಡು ನಿಮಿಷದ ಸೂಚನೆಯನ್ನು ಕನ್ನಡದಲ್ಲಿ ಮುದ್ರಿಸಿ ಕೇಳಿಸಲು ಎಷ್ಟು ಖರ್ಚಾದೀತು? ಆಸನದ ಮುಂದಿನ ಚೀಲದಲ್ಲಿರುವ ಚಿತ್ರದ ಹಾಳೆಯಲ್ಲಿ ನಾಲ್ಕು ಸಾಲು ಕನ್ನಡ ಇದ್ದರೆ ವಿಮಾನದ ಭಾರ ಹೆಚ್ಚಾದೀತೇ? ಎಲ್ಲ ವಿಮಾನ ಸಂಸ್ಥೆಗಳೂ ಇದನ್ನು ತಮ್ಮ ಕರ್ತವ್ಯವೆಂದು ತಿಳಿಯಬೇಕು. ಇದನ್ನು ನಾವು ಭಾಷಾಭಿಮಾನದಿಂದ ಮಾತ್ರ ಕೇಳುತ್ತಿಲ್ಲ. ಮಲಯಾಳಿಗಳು ಹೆಚ್ಚಿರುವಲ್ಲಿ ಮಲಯಾಳದಲ್ಲಿ, ತಮಿಳರು ಹೆಚ್ಚಿರುವಲ್ಲಿ ತಮಿಳಿನಲ್ಲಿ ಹೇಳಲಿ ಎಂಬುದೇ ನಮ್ಮ ವಾದ.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ಮೊದಲು ತನಗೆ’ ಎಂಬ ಮಾತನ್ನು ಹಿಡಿದುಕೊಂಡು ನಾಳೆ ಎಲ್ಲರೂ ತಮ್ಮ ತಮ್ಮ ಪಾಲನ್ನೇ ನೋಡಿಕೊಂಡರೆ ಸಮಾಜದ ಗತಿಯೇನು? ನಮ್ಮ ತರಗತಿಯ ಒಬ್ಬನು ಈ ಪ್ರಶ್ನೆಯನ್ನು ಬಲವಾಗಿಯೇ ಎತ್ತಿದನು. ಅವನ ಆತಂಕ ಸುಳ್ಳಲ್ಲ. ಸೂಚನೆಯ ಮೊದಲರ್ಧವನ್ನು ಮಾತ್ರ ಕಲಿತವರು ಲೋಕದಲ್ಲಿ ಬೇಕಷ್ಟು ಮಂದಿ ಇದ್ದಾರೆ. ಆದರೆ ಆ ವಾಕ್ಯಕ್ಕೆ ಎರಡು ಭಾಗಗಳಿವೆ. ಮೊದಲು ನಿಮಗೆ, ಅನಂತರ ಮಗುವಿಗೆ. ‘ಅನಂತರ’ ಎಂಬ ಪದವಿರುವುದರಿಂದಲೇ ‘ಮೊದಲು’ ಎಂಬುದಕ್ಕೆ ಬೆಲೆ. ತನ್ನ ಮಾಸ್ಕ್ ಹಾಕಿಕೊಂಡು ಪಕ್ಕದ ಮಗುವನ್ನು ನೋಡದೆ ಕುಳಿತವನು ನಿಯಮವನ್ನು ಪಾಲಿಸಿದಂತಾಗಲಿಲ್ಲ.

ಇನ್ನೊಂದು ದೃಷ್ಟಿಯಿಂದಲೂ ಈ ಮಾತು ನಮ್ಮ ಮನೆಗಳಿಗೆ ಬೇಕಾಗಿದೆ. ಕಡಲಾಚೆ ದುಡಿಯುವ ತಂದೆ ಜ್ವರ ಬಂದರೂ ರಜೆ ಹಾಕದೆ, ಮದ್ದಿಗೆ ಹಣ ಖರ್ಚು ಮಾಡದೆ ಮನೆಗೆ ಕಳುಹಿಸುತ್ತಾರೆ. ತಾಯಿ ಎದೆನೋವನ್ನು ಮುಚ್ಚಿಟ್ಟು ಮಗಳ ಫೀಸು ಕಟ್ಟುತ್ತಾಳೆ. ಅವರ ತ್ಯಾಗಕ್ಕೆ ನಾವು ಜನ್ಮವಿಡೀ ಋಣಿಗಳು. ಆದರೆ ಅವರು ಕುಸಿದು ಬಿದ್ದರೆ ನಮ್ಮನ್ನು ಹಿಡಿಯುವವರು ಯಾರು? ಅಪ್ಪಾ, ಮೊದಲು ಡಾಕ್ಟರರ ಬಳಿಗೆ ಹೋಗಿ, ಆಮೇಲೆ ನಮಗೆ ಹಣ ಕಳುಹಿಸಿ ಎಂದು ಹೇಳುವುದು ನಮ್ಮ ಕರ್ತವ್ಯ. ಅಮ್ಮನ ಬಟ್ಟಲಿಗೆ ಮೊದಲು ಬಡಿಸುವುದು ನಮ್ಮ ಕೈಯಲ್ಲೇ ಇದೆ.

ಕೊನೆಗೆ ನಮ್ಮ ಗೆಳತಿಯ ವಿಷಯ. ಅಂದು ಸಂಜೆ ಮನೆಗೆ ಹೋದವಳೇ ಅವಳು ತಾಯಿಯ ಮುಂದೆ ಎಲ್ಲವನ್ನೂ ಹೇಳಿ, ತಿಳಿಯದಿದ್ದುದನ್ನು ತಿಳಿದಂತೆ ನಟಿಸಿದ್ದಕ್ಕೆ ಕ್ಷಮೆ ಕೇಳಿದಳಂತೆ. ತಾಯಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ನೀನು ಹೇಳಿದ್ದರೂ ನಾನು ಮಗುವಿಗೇ ಮೊದಲು ಹಾಕುತ್ತಿದ್ದೆ ಮಗಾ. ನನ್ನ ಕೈ ಬೇರೆ ಕಡೆಗೆ ಹೋಗುವುದೇ ಇಲ್ಲ” ಎಂದರಂತೆ. ಅದನ್ನು ಕೇಳಿ ನಮ್ಮ ಟೀಚರ್ ಹೇಳಿದರು: “ನೋಡಿ ಮಕ್ಕಳೇ, ಇದಕ್ಕೇ ಅಭ್ಯಾಸ ಬೇಕೆನ್ನುವುದು. ಬುದ್ಧಿಗೆ ತಿಳಿದರೆ ಸಾಲದು, ಕೈಗೂ ತಿಳಿಯಬೇಕು.”

ಕೊರೊನಾ ಕಾಲದಲ್ಲಿ ತಂದಿಟ್ಟ ಮಾಸ್ಕ್‌ಗಳು ಅವರ ಮನೆಯಲ್ಲಿ ಇನ್ನೂ ಇದ್ದುವು. ಗೆಳತಿ ಚಾವಡಿಯಲ್ಲಿ ತಾಯಿಯನ್ನೂ ತಮ್ಮನನ್ನೂ ಕುಳ್ಳಿರಿಸಿ, ತಾನೇ ಗಗನಸಖಿಯಾಗಿ ನಿಂತು, ಕನ್ನಡದಲ್ಲಿ ಸೂಚನೆ ಕೊಟ್ಟಳು. ಮೊದಲ ಎರಡು ಸಲ ತಾಯಿಯ ಕೈ ಮಗುವಿನ ಕಡೆಗೇ ಹೋಯಿತು. ಮೂರನೆಯ ಸಲ ತನ್ನ ಮುಖಕ್ಕೆ ಬಂತು. ಮತ್ತೆ ಮಗುವಿಗೆ ಹಾಕಿದರು. ತಮ್ಮ ಅದನ್ನು ಕಿತ್ತೆಸೆದು ನಕ್ಕನಂತೆ; ತಾಯಿ ಮತ್ತೆ ಹಾಕಿದರಂತೆ. ಈ ಡಿಸೆಂಬರಿನಲ್ಲಿ ಅವರು ಮತ್ತೊಮ್ಮೆ ಪ್ರಯಾಣ ಮಾಡುವವರಿದ್ದಾರೆ.

ವಿದ್ಯಾರ್ಥಿ ಮಿತ್ರರೇ, ನಿಮ್ಮ ಮನೆಯಿಂದ ಯಾರಾದರೂ ವಿಮಾನ ಹತ್ತುವವರಿದ್ದರೆ ಹೋಗುವ ಮುನ್ನ ಐದು ನಿಮಿಷ ಅವರೊಡನೆ ಕುಳಿತುಕೊಳ್ಳಿ. ಮಾಸ್ಕನ್ನು ಕೆಳಕ್ಕೆ ಎಳೆಯಬೇಕು, ಮೂಗು ಬಾಯಿ ಎರಡನ್ನೂ ಮುಚ್ಚಬೇಕು, ಚೀಲ ಉಬ್ಬದಿದ್ದರೂ ಆಮ್ಲಜನಕ ಬರುತ್ತಿರುತ್ತದೆ, ಮೊದಲು ತನಗೆ, ಅನಂತರ ಮಗುವಿಗೆ. ಇಷ್ಟನ್ನು ನಿಮ್ಮ ಮನೆಮಾತಿನಲ್ಲಿ ಹೇಳಿರಿ. ತಿಳಿಯದಿದ್ದುದನ್ನು ತಿಳಿದವರಲ್ಲಿ ಕೇಳಲು ನಾಚಬೇಡಿ. ಸಂಸ್ಥೆಗಳು ಕನ್ನಡದಲ್ಲಿ ಹೇಳುವ ದಿನ ಬರುವವರೆಗೆ ಆ ಕೆಲಸ ನಮ್ಮದು.